ಹಸಿರು ದಾರದ ಅಂಚು

ಜೂನ್ 2, ಸೋಮವಾರ

ಕಾಲೇಜಿಗೆ ಒಪ್ಪಿಸಬೇಕಾದ ವರದಿ ಬೇರೆಯೇ ಇದೆ. ಅದರಲ್ಲಿ ‘ಈ ಒಂದು ವರ್ಷದಲ್ಲಿ ನಾನು ಕಲಿತದ್ದು’ ಎಂದು ಶುರುಮಾಡಿ ಚಂದವಾಗಿ ಸುಳ್ಳು ಹೇಳುತ್ತೇನೆ. ಇದು ನನಗೆ ಮಾತ್ರ. ಇಲ್ಲಿ ಬಾಯಿಗೆ ಬಂದಂತೆ ಬೈಯಬಹುದು.

ರಸಾಯನಶಾಸ್ತ್ರ ಓದುವವರು ಕೊನೆಯ ವರ್ಷಕ್ಕೆ ಮುಂಚೆ ಒಂದು ವರ್ಷ ಪೂರ್ತಿ ಕಂಪನಿಯಲ್ಲಿ ಕೆಲಸ ಕಲಿತು ಬರಬೇಕು, ಅದು ನಮ್ಮ ಕೋರ್ಸಿನ ನಿಯಮ. ಗೆಳತಿಯರಿಗೆ ಔಷಧಿ ಕಂಪನಿ ಸಿಕ್ಕಿತು, ಬ್ಯಾಟರಿ ಕಂಪನಿ ಸಿಕ್ಕಿತು. ನನ್ನ ಹಣೆಬರಹಕ್ಕೆ ಬಟ್ಟೆ ಒಗೆಯುವ ಪುಡಿಯ ಕಂಪನಿ. ಅದರಲ್ಲೂ ಲ್ಯಾಬ್ ಅಲ್ಲ, ವಾಸನೆ ವಿಭಾಗ. ಜನ ಹೊದ್ದ, ಉಟ್ಟ, ಒರೆಸಿಕೊಂಡ ಬಟ್ಟೆಗಳನ್ನು ಒಗೆಯುವ ಮೊದಲೊಮ್ಮೆ, ಒಗೆದ ಮೇಲೊಮ್ಮೆ ಮೂಸಿ, ಯಾವ ವಾಸನೆ ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದು ಇಲ್ಲಿನ ಕೆಲಸ. ಓದಿದ್ದೆಲ್ಲ ಮಣ್ಣುಪಾಲಾಯಿತು ಎಂದುಕೊಂಡೇ ಒಳಗೆ ಹೋದೆ.

ವಿಭಾಗದ ಮುಖ್ಯಸ್ಥೆಗೆ ಎಲ್ಲರೂ ಬೆನ್ನ ಹಿಂದೆ ‘ದೊಡ್ಡ ಮೂಗು’ ಅನ್ನುತ್ತಾರೆ. ಆಕೆಯ ಮೂಗು ನಿಜಕ್ಕೂ ಅಂಗಿಯ ಗುಂಡಿಯಷ್ಟಿದೆ. ಮುಚ್ಚಳದ ಗಾಜಿನ ಜಾಡಿಯೊಂದನ್ನು ನನ್ನ ಮುಂದಿಟ್ಟು, ಏನು ವಾಸನೆ ಬರೆ ಎಂದರು. ಒಳಗೆ ಹಳೆಯ ಟವೆಲಿನ ತುಂಡು. ಮೂಸಿ ನೋಡಿ ‘ನಮ್ಮ ಮನೆಯ ಹಾಗೆ’ ಎಂದು ಬರೆದೆ. ನಿಜವಾಗಿ ಹಾಗೇ ಇತ್ತು.

“ಇದು ಉತ್ತರ ಅಲ್ಲ,” ಎಂದರು. “ನಾನು ನಿಮ್ಮನೆಗೆ ಬಂದಿಲ್ಲ, ಬರೋದೂ ಇಲ್ಲ. ಅದ್ರಲ್ಲಿ ಏನೇನಿದೆ, ಯಾವ್ಯಾವುದು ಎಷ್ಟೆಷ್ಟಿದೆ, ಅದನ್ನ ಬರಿ.”

ನಿಯಮಗಳ ದೊಡ್ಡ ಸರಮಾಲೆಯೇ ಇದೆ. ಸೆಂಟು ಕೂಡದು, ಪೌಡರು ಕೂಡದು, ಹಸಿ ಈರುಳ್ಳಿ ಕೂಡದು. ಸೋಪು ಕಂಪನಿಯವರೇ ಕೊಡುತ್ತಾರೆ, ಅದಕ್ಕೆ ಯಾವ ವಾಸನೆಯೂ ಇಲ್ಲ, ಮುಖ ತೊಳೆದರೂ ತೊಳೆದ ಹಾಗಾಗುವುದಿಲ್ಲ. ಎಲ್ಲಕ್ಕಿಂತ ವಿಚಿತ್ರ ಎಂದರೆ, ಹಾಳೆಯ ಮೇಲೆ ‘ಚೆನ್ನಾಗಿದೆ’ ಅಥವಾ ‘ಗಬ್ಬು’ ಎಂದು ಬರೆಯುವ ಹಾಗಿಲ್ಲ. ಇಲ್ಲಿ ಯಾವ ವಾಸನೆಯೂ ಒಳ್ಳೆಯದಲ್ಲ, ಕೆಟ್ಟದ್ದೂ ಅಲ್ಲ.

ಮನೆಗೆ ಬಂದು ಹೇಳಿದರೆ ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತಲ್ಲೇ ನಕ್ಕು ನಕ್ಕು ಕೆಮ್ಮಿದಳು. “ಹುಟ್ಟಿದಾಗಿಂದ ಕಂಡಕಂಡದ್ದಕ್ಕೆಲ್ಲ ಮೂಗು ತೂರಿಸ್ತಿದ್ದೆ. ಅದಕ್ಕೇ ಸಂಬಳ ಕೊಡೋರು ಇದಾರೆ ಅಂತ ಗೊತ್ತಿದ್ರೆ ಅಷ್ಟೊಂದು ಬೈತಾನೇ ಇರ್ಲಿಲ್ಲ ಕಣೇ.”

ಅಪ್ಪ ಮನೆಗಳಿಗೆ ಬಣ್ಣ ಬಳಿಯುವವನು. ಬಣ್ಣಕ್ಕೆ ಬೆರೆಸುವ ಥಿನ್ನರಿನ ಘಾಟು ಕುಡಿದು ಕುಡಿದು ಅವನ ಮೂಗು ಎಂದೋ ಸತ್ತಿದೆ, ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಾನೆ. “ನನ್ನ ಪಾಲಿನದ್ದೂ ನಿಂಗೇ ಬಂದಿದೆ,” ಎಂದ.

ಜೂನ್ 13

ಮೂಸುವ ಕೋಣೆಯಲ್ಲಿ ಸಾಲಾಗಿ ಗೂಡುಗಳಿವೆ. ಮೂರು ಕಡೆ ಬಿಳಿ ಹಲಗೆ, ತಲೆಯ ಮೇಲೆ ಕೆಂಪು ದೀಪ. ಕೆಂಪು ಬೆಳಕಿನಲ್ಲಿ ಕೊಳೆಯ ಬಣ್ಣವಾಗಲಿ ಬಟ್ಟೆಯ ಬಣ್ಣವಾಗಲಿ ಕಾಣುವುದಿಲ್ಲ. ಕಣ್ಣು ಮೂಗಿಗೆ ಚಾಡಿ ಹೇಳಬಾರದಲ್ಲ, ಅದಕ್ಕೆ. ಪಕ್ಕದ ಗೂಡಿನಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಕೂರುತ್ತಾರೆ. ಇಡೀ ಆಯುಷ್ಯ ಜನರ ಕಂಕುಳ ಕೆಳಗೇ ನಿಂತು ಟಿಕೆಟ್ ಹರಿದವನಿಗೆ ಇದೇನು ಮಹಾ ಎನ್ನುತ್ತಾರೆ.

ಇವತ್ತು ದೊಡ್ಡ ಮೂಗು ನನ್ನನ್ನು ಬಾಗಿಲಲ್ಲೇ ತಡೆದರು. “ಯಾರನ್ನ ತಬ್ಕೊಂಡು ಬಂದೆ?”

ಹೊರಡುವಾಗ ಅಮ್ಮ ತಬ್ಬಿ ಕಳಿಸುತ್ತಾಳೆ, ಒಂದನೇ ಕ್ಲಾಸಿನಿಂದ ನಡೆದು ಬಂದ ಪದ್ಧತಿ. ಅವಳ ತಲೆಎಣ್ಣೆ ನನ್ನ ಭುಜಕ್ಕೆ ಹತ್ತಿತ್ತು. ಇಡೀ ದಿನ ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಕೂತು ಜಾಡಿ ತೊಳೆದೆ. ಮೈಯೆಲ್ಲ ಉರಿಯಿತು.

ಸಂಜೆ ಅಮ್ಮನಿಗೆ ಹೇಳಿಬಿಟ್ಟೆ, ಇನ್ನು ಮೇಲೆ ಬೆಳಿಗ್ಗೆ ನನ್ನನ್ನು ಮುಟ್ಟಬೇಡ ಎಂದು. ಅವಳು ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ನನ್ನ ಭುಜದಿಂದ ತನ್ನ ಭುಜದವರೆಗೆ ಹಿಡಿದಳು. “ಇಷ್ಟು ದೂರ ಸಾಕಾ, ಇನ್ನೂ ಸ್ವಲ್ಪ ಬೇಕಾ?”

ಸಾಕು ಎಂದೆ.

ಜುಲೈ 9

ಅಮ್ಮ ಹೊಸ ಆಟ ಕಂಡುಹಿಡಿದಿದ್ದಾಳೆ. ಲೋಟದಲ್ಲಿ ಏನಾದರೂ ಹಾಕಿ, ಬಟ್ಟೆ ಮುಚ್ಚಿ ಕೊಡುತ್ತಾಳೆ. ನಾನು ಕಣ್ಣು ಮುಚ್ಚಿ ಹೇಳಬೇಕು. ಮಿಷನ್ ಎಣ್ಣೆ, ಗುರುತು ಹಾಕುವ ಚಾಕ್, ಇಸ್ತ್ರಿ ಮಾಡಿದ ಉಣ್ಣೆ ತುಂಡು, ಎಲ್ಲವನ್ನೂ ಹೇಳಿದೆ. ಕೊನೆಯದು ಏನೆಂದು ತಿಳಿಯಲೇ ಇಲ್ಲ. ಬಟ್ಟೆ ತೆಗೆದರೆ ಖಾಲಿ ಲೋಟ.

“ಏನೂ ಇಲ್ದೇ ಇರೋದನ್ನ ಹೇಳೋಕೆ ಬರಲ್ಲ ನಿಂಗೆ,” ಎಂದು ಕುಣಿದಳು. ಅಪ್ಪ ಬಂದು ಲೋಟ ಮೂಸಿ “ಚೆನ್ನಾಗಿದೆ” ಎಂದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೆಲಸ ಕೈಗೆ ಹತ್ತುತ್ತಿದೆ. ಒಂದು ವಾಸನೆ ಅಂದರೆ ಒಂದಲ್ಲ, ಅದು ನಾಲ್ಕೈದರ ಗಂಟು. ಗಂಟು ಬಿಚ್ಚುವುದು ಹೇಗೆಂದು ಮೂಗಿಗೆ ಒಮ್ಮೆ ತಿಳಿದರೆ ಸಾಕು, ಆಮೇಲೆ ಅದೇ ಬಿಚ್ಚಿಕೊಳ್ಳುತ್ತದೆ. ಬಸ್ಸಿನಲ್ಲಿ ಕೂತರೂ ಅದೇ ಕೆಲಸ. ಸೀಟಿನ ರೆಕ್ಸಿನ್ ಮೂರು, ಡೀಸೆಲ್ ಎರಡು, ಮುಂದೆ ಕೂತವರ ಒದ್ದೆ ಕೊಡೆ ಒಂದು.

ಆಗಸ್ಟ್ 20

ಹೊಸ ಪುಡಿ ಬರುತ್ತಿದೆ. ಹಳೆಯ ಪುಡಿಗಳು ಬೆವರಿನ ವಾಸನೆಯ ಮೇಲೆ ಸುವಾಸನೆ ಹೊದಿಸುತ್ತಿದ್ದವು, ಇದು ಬೇರು ಸಮೇತ ಕೀಳುತ್ತದೆ. ಬಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಇಪ್ಪತ್ತು ಜಾಡಿ ಮೂಸಿದೆ, ನನ್ನ ಹಾಳೆಯ ತುಂಬ ಸೊನ್ನೆಗಳು. ದೊಡ್ಡ ಮೂಗಿನ ಮುಖದಲ್ಲಿ ಮೊದಲ ಸಲ ನಗು ಕಂಡೆ.

ನಮಗೆಲ್ಲ ಪ್ಯಾಕೆಟ್ಟುಗಳನ್ನು ಪುಕ್ಕಟೆ ಕೊಟ್ಟರು. ಚಿಕ್ಕಮ್ಮ ಮನೆಗೆ ಬಂದಿದ್ದಳು, ಅಮ್ಮನ ತಂಗಿ, ಶುಚಿಯ ಹುಚ್ಚಿನವಳು. ಅವಳಿಗೂ ಒಂದಷ್ಟು ಕೊಟ್ಟು ಅಂಗಡಿಯವನ ಹಾಗೆ ಹೊಗಳಿದೆ. “ಚಿಕ್ಕಮ್ಮ, ಎಂಥ ಹಳೇ ಬಟ್ಟೆ ಆದ್ರೂ ಸರಿ, ಯಾರು ಹಾಕಿದ್ರು ಅಂತಾನೇ ಗೊತ್ತಾಗಲ್ಲ, ಹಾಗಾಗುತ್ತೆ.”

“ಒಂದು ಪ್ಯಾಕೆಟ್ ಇಲ್ಲೂ ಇಟ್ಟಿರು. ನಿಮ್ಮಮ್ಮನ ಕೈಯಲ್ಲಿ ಒಗೆತ ಸರಿಯಾಗಿ ಆಗಲ್ಲ,” ಎಂದಳು ಚಿಕ್ಕಮ್ಮ. ಇಬ್ಬರೂ ಜಗಳವಾಡಿಕೊಂಡು ಚಹಾ ಕುಡಿದರು.

ಸೆಪ್ಟೆಂಬರ್ 9

ತರಬೇತಿಯ ಪರೀಕ್ಷೆ ಪಾಸಾದೆ. ಇನ್ನು ನನ್ನ ಅಂಕಗಳೂ ಲೆಕ್ಕಕ್ಕೆ ಬರುತ್ತವೆ.

ಮನೆಯಲ್ಲೂ ಒಂದು ಸಾಧನೆಯಾಯಿತು. ಅಮ್ಮ ಸೂಜಿಗೆ ದಾರ ಪೋಣಿಸಿಕೊಡು ಎಂದು ಹತ್ತಿರ ಬಂದು ಬಾಗಿದಳು. ಅವಳ ಉಸಿರಿನಲ್ಲಿ ಅಮೋನಿಯಾ. ಬಹಳ ಸಣ್ಣಗೆ, ಬೇರೆ ಯಾರಿಗೂ ಸಿಗದಷ್ಟು. ಎರಡು ಅಂಕ, ಹೆಚ್ಚೆಂದರೆ ಎರಡೂವರೆ. ಲ್ಯಾಬಿನ ಬಾಟಲಿಯ ಹೊರಗೆ ಅದನ್ನು ಗುರುತಿಸಿದ್ದು ಇದೇ ಮೊದಲು. ಖುಷಿಯಾಯಿತು.

ಅಮ್ಮ ದಾರ ತೆಗೆದುಕೊಂಡು ಹೋದಳು. ಈಚೆಗೆ ಬೇಗ ಸುಸ್ತಾಗುತ್ತಾಳೆ. ವಯಸ್ಸು.

ಸೆಪ್ಟೆಂಬರ್ 28, ಭಾನುವಾರ

ಹೊಸ ಪುಡಿಯ ದೊಡ್ಡ ಪರೀಕ್ಷೆಗೆ ಸಿಬ್ಬಂದಿಯೆಲ್ಲ ಮನೆಯಿಂದ ಬಳಸಿದ ಬಟ್ಟೆ ತರಬೇಕು. ತಿಂಗಳು ಪೂರ್ತಿ ಒಗೆಯದ ದಿಂಬಿನ ಕವರ್ ಆದರೆ ಒಳ್ಳೆಯದಂತೆ. ಅದನ್ನು ಎರಡು ಭಾಗ ಮಾಡುತ್ತಾರೆ. ಒಂದನ್ನು ಹೊಸ ಪುಡಿಯಲ್ಲಿ ಒಗೆಯುತ್ತಾರೆ. ಇನ್ನೊಂದನ್ನು ಒಗೆಯದೆ, ಗಾಳಿ ತೆಗೆದ ಚೀಲದಲ್ಲಿ ಮುಚ್ಚಿ ಶೀತಲ ಕೋಣೆಯಲ್ಲಿಡುತ್ತಾರೆ, ಪುಡಿ ಮಾರುಕಟ್ಟೆಗೆ ಹೋಗುವ ಮುಂಚೆ ಹೋಲಿಸಿ ನೋಡುವುದಕ್ಕೆ.

ಅಮ್ಮನ ಕವರ್ ಕೇಳಿದೆ. “ನನ್ನ ತಲೆ ಕೊಳೆ ನಿಮ್ಮ ಆಫೀಸಿನವ್ರೆಲ್ಲ ಮೂಸ್ಬೇಕಾ? ಮಾನ ಇರೋರು ಮಾಡೋ ಕೆಲ್ಸಾನಾ ಇದು?” ಎಂದಳು. ಆದರೂ ಕೊಟ್ಟಳು. ನಾನು ಕತ್ತರಿ ಎತ್ತಿಕೊಂಡದ್ದೇ ತಡ, ಕಿತ್ತುಕೊಂಡಳು. ನನ್ನ ಕೈಗೆ ಕತ್ತರಿ ಬಂದರೆ ಬಟ್ಟೆ ಅಳುತ್ತದಂತೆ. ತಾನೇ ಮಡಿಸಿ, ಚಾಕಿನಲ್ಲಿ ಗೆರೆ ಎಳೆದು, ಒಂದೇ ಸಲಕ್ಕೆ ನೇರವಾಗಿ ಕತ್ತರಿಸಿದಳು. ಅಷ್ಟಕ್ಕೂ ಬಿಡಲಿಲ್ಲ. ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿಕೊಳ್ಳುತ್ತದೆ ಎಂದು ಎರಡೂ ತುಂಡುಗಳ ಅಂಚಿಗೆ ಹೊಲಿಗೆ ಹಾಕಿದಳು. ಮಿಷನ್ನಿನಲ್ಲಿ ಆಗ ಹಸಿರು ದಾರವಿತ್ತು.

“ಪರೀಕ್ಷೆ ಮುಗಿದ್ಮೇಲೆ ಸುಟ್ಟುಹಾಕ್ತಾರಮ್ಮ, ಯಾಕಿಷ್ಟು ಕಷ್ಟ ಪಡ್ತೀಯ?”

“ಸುಡೋವರೆಗಾದ್ರೂ ನೆಟ್ಟಗಿರ್ಲಿ.”

ಅಕ್ಟೋಬರ್ 18

ಬರೆಯಲು ಪುರುಸೊತ್ತಿಲ್ಲ. ದಿನಕ್ಕೆ ಎರಡು ಸರದಿ ಮೂಸುತ್ತಿದ್ದೇನೆ. ಅಮ್ಮನ ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿಲ್ಲ, ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಮಿಷನ್ ತುಳಿದರೆ ಇನ್ನೇನಾಗುತ್ತದೆ. ಅಪ್ಪನ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಾಳೆ. ಊಟ ಮಣ್ಣಿನ ಹಾಗಿದೆ ಎನ್ನುತ್ತಾಳೆ. ಡಾಕ್ಟರ ಹತ್ತಿರ ಹೋಗೆಂದು ಹೇಳಿದ್ದೇನೆ.

ನವೆಂಬರ್ 5

ಅಮ್ಮ ಅಂಗಡಿಯಲ್ಲಿ ಬಿದ್ದಳು. ಎರಡೂ ಕಿಡ್ನಿ ಹೋಗಿವೆಯಂತೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಕಾಗದ ನೋಡುತ್ತ ನೋಡುತ್ತ ಕೇಳಿದರು, “ಬಹಳ ತಿಂಗಳಿಂದ ಇದ್ದಿರ್ಬೇಕು ಇದು. ಉಸಿರಿನ ವಾಸನೆ ಬದಲಾಗಿರುತ್ತೆ, ಅಮೋನಿಯಾ ಥರ. ಮನೇಲಿ ಯಾರೂ ಗಮನಿಸ್ಲಿಲ್ವಾ?”

ಅಪ್ಪ ಹೇಳಿದ, “ನನ್ನ ಮೂಗು ಸತ್ತುಹೋಗಿದೆ ಡಾಕ್ಟ್ರೇ. ಆದ್ರೆ ಇವ್ಳಿದಾಳಲ್ಲ, ಇವ್ಳ ಕೆಲ್ಸಾನೇ ಅದು. ಇವ್ಳಿಗೆ ಬಂದಿಲ್ಲ ಅಂದ್ರೆ ಇರ್ಲಿಲ್ಲ ಅಂತಾನೇ ಲೆಕ್ಕ.”

ಹೆಮ್ಮೆಯಿಂದ ಹೇಳಿದ. ನಾನು ಬಾಯಿ ಬಿಡಲಿಲ್ಲ.

ನವೆಂಬರ್ 6

ಎರಡು ಅಂಕ ಎಂದು ಬರೆದದ್ದು ನೆನಪಿದೆ. ಪುಟ ತಿರುಗಿಸಿ ನೋಡುವುದಿಲ್ಲ.

ನವೆಂಬರ್ 23

ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾನು ಅರ್ಧ ದಿನ ಆಫೀಸು, ಅರ್ಧ ದಿನ ಆಸ್ಪತ್ರೆ. ಆಸ್ಪತ್ರೆಯಿಂದ ಆಫೀಸಿಗೆ ಹೋಗುವಾಗ ಬಟ್ಟೆ ಬದಲಿಸಿ, ತಲೆ ತೊಳೆದು ಹೋಗಬೇಕು. ರಜೆ ಕೇಳಿದರೆ ಕಾಲೇಜು ವರ್ಷವನ್ನು ಪೂರ್ತಿ ಎಂದು ಒಪ್ಪುವುದಿಲ್ಲ, ಮತ್ತೆ ಮೊದಲಿಂದ ಮಾಡಬೇಕು. ಅಮ್ಮನೇ ಬಿಡಬೇಡ ಎಂದಳು.

ಡಿಸೆಂಬರ್ 3

ಇವತ್ತು ಅಮ್ಮ ಚೆನ್ನಾಗಿ ಮಾತಾಡಿದಳು. ಪಕ್ಕದ ಹಾಸಿಗೆಯಾಕೆಯ ಅಂಗಿಯ ತೋಳು ಓರೆಯಾಗಿದೆ, ಹೊಲಿದವನಿಗೆ ಎರಡು ಬಿಡಬೇಕು ಎಂದಳು. ಆಮೇಲೆ ನನ್ನನ್ನು ನೋಡಿ, “ಇವತ್ತು ಕೆಲ್ಸಕ್ಕೆ ಹೋಗ್ಬೇಕಾ?” ಎಂದಳು.

“ಇಲ್ಲ.”

“ಹಾಗಾದ್ರೆ ಬಾ ಇಲ್ಲಿ.”

ಹೋದೆ. ನಳಿಕೆಗಳು ಅಡ್ಡ ಬರುತ್ತಿದ್ದವು, ಸರಿಯಾಗಿ ತಬ್ಬಲಾಗಲಿಲ್ಲ. ಸ್ಪಿರಿಟ್ ಏಳು, ಪ್ಲಾಸ್ಟಿಕ್ ನಾಲ್ಕು, ಅಮೋನಿಯಾ ಐದು. ಅವಳ ತಲೆಎಣ್ಣೆ ಇರಲೇ ಇಲ್ಲ. ಆಸ್ಪತ್ರೆಯಲ್ಲಿ ಎಣ್ಣೆ ಯಾರು ಹಚ್ಚುತ್ತಾರೆ, ನಾಳೆ ಮನೆಯಿಂದ ತರುತ್ತೇನೆ.

ಡಿಸೆಂಬರ್ 11

ಅಮ್ಮ ಹೋದಳು.

ಡಿಸೆಂಬರ್ 27

ಕೆಲವು ದಿನ ನಾವು ಅಪ್ಪನ ಅಣ್ಣನ ಮನೆಯಲ್ಲಿದ್ದೆವು. ಅಪ್ಪನಿಗೆ ನಮ್ಮ ಮನೆಯಲ್ಲಿ, ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಮಲಗಲು ಆಗುತ್ತಿರಲಿಲ್ಲ. ಇವತ್ತು ವಾಪಸ್ ಬಂದೆವು. ಬೀಗ ತೆಗೆದು ಒಳಗೆ ಕಾಲಿಟ್ಟಾಗಲೇ ಏನೋ ಎಡವಟ್ಟಾಗಿದೆ ಎನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮನೆಯಲ್ಲಿ ವಾಸನೆಯೇ ಇರಲಿಲ್ಲ.

ಚಿಕ್ಕಮ್ಮ ಬಂದು ಮನೆಯನ್ನೆಲ್ಲ ತೊಳೆದಿದ್ದಳು. ಅಮ್ಮನ ಸ್ವೆಟರ್, ಹೊದಿಕೆ, ದಿಂಬು, ಟವೆಲ್, ಮಿಷನ್ನಿನ ಮೇಲೆ ಹೊದಿಸುವ ಬಟ್ಟೆ, ಅಳತೆ ಟೇಪು ಇಡುವ ಚೀಲ, ಒಂದನ್ನೂ ಬಿಟ್ಟಿಲ್ಲ. ಎಲ್ಲವನ್ನೂ ಒಗೆದು, ಇಸ್ತ್ರಿ ಮಾಡಿ, ಅಂಚಿಗೆ ಅಂಚು ಸೇರಿಸಿ ಜೋಡಿಸಿದ್ದಳು. ಅಳುತ್ತಲೇ ಒಗೆದಿರಬೇಕು, ಕಣ್ಣು ಊದಿಕೊಂಡಿದ್ದವು.

“ಅಕ್ಕನ ಬಟ್ಟೆ ಹಾಗೇ ಕೊಳೆ ಇಡೋಕೆ ಮನಸ್ಸು ಬರ್ಲಿಲ್ಲ ಕಣೇ. ನಿನ್ನ ಪುಡಿಯಲ್ಲೇ ಒಗೆದೆ. ನೀನು ಹೇಳಿದ ಹಾಗೇ ಆಯ್ತು ನೋಡು.”

ಸ್ವೆಟರಿನಲ್ಲಿ ಮುಖವಿಟ್ಟೆ. ಸೊನ್ನೆ. ಕಂಕುಳಲ್ಲಿ ಹುಡುಕಿದೆ, ಕಾಲರಿನ ಮಡಿಕೆಯಲ್ಲಿ ಹುಡುಕಿದೆ. ಸೊನ್ನೆ, ಸೊನ್ನೆ. ಒಳ್ಳೆಯ ಪುಡಿ. ಆ ಅಂಕಗಳನ್ನು ಕೊಟ್ಟವಳೇ ನಾನು.

ಚಿಕ್ಕಮ್ಮನ ಮೇಲೆ ಕೂಗಾಡಿದೆ. ಏನೇನು ಅಂದೆನೋ, ಬರೆಯಲಾರೆ. ಅವಳು ತಪ್ಪೇನೆಂದು ತಿಳಿಯದೆ ಕೈಯಲ್ಲಿ ಟವೆಲ್ ಹಿಡಿದುಕೊಂಡೇ ನಿಂತಿದ್ದಳು.

ಜನವರಿ 14

ಜಾಡಿ ತೊಳೆಯುವಾಗ ಥಟ್ಟನೆ ಹೊಳೆಯಿತು. ಕೈಯಿಂದ ಜಾಡಿ ಜಾರಿ ಒಡೆಯಿತು.

ಅಮ್ಮನ ದಿಂಬಿನ ಕವರಿನ ಒಗೆಯದ ಅರ್ಧ. ಅದು ಶೀತಲ ಕೋಣೆಯಲ್ಲಿದೆ. ಈಗಲೂ ಇದೆ, ಚೀಲದೊಳಗೆ, ಅವಳು ಕೊಟ್ಟ ದಿನ ಹೇಗಿತ್ತೋ ಹಾಗೇ.

ಗಾಜು ಗುಡಿಸುವುದನ್ನೂ ಬಿಟ್ಟು ದೊಡ್ಡ ಮೂಗಿನ ಕೋಣೆಗೆ ಓಡಿದೆ. ಕೇಳಿದೆ. ಬೇಡಿಕೊಂಡೆ ಎಂದೇ ಬರೆಯುತ್ತೇನೆ.

“ಯಾವ ಚೀಲ ಯಾರ ಮನೇದು ಅಂತ ಪರೀಕ್ಷೆ ಮುಗಿಯೋವರೆಗೂ ಯಾರೂ ನೋಡೋ ಹಾಗಿಲ್ಲ. ನಾನೂ ಸೇರಿ,” ಎಂದರು.

“ಮುಗಿದ್ಮೇಲೆ?”

“ಮುಗಿದ ದಿನವೇ ಸುಡ್ತಾರೆ. ಜನರ ಮೈ ಬಟ್ಟೆ, ಇಟ್ಕೊಳೋ ಹಾಗಿಲ್ಲ.”

“ಅಷ್ಟರಲ್ಲಿ ನಾನೇ ಮೂಸಿ ಗುರುತಿಸಿದ್ರೆ ಮೇಡಂ?”

ಅವರು ಕನ್ನಡಕ ತೆಗೆದು ಒರೆಸಿದರು. “ಗುರುತಿಸಿದ್ರೆ ಆಮೇಲೆ ನೋಡೋಣ.”

ಅಷ್ಟು ಸಾಕು. ನನ್ನ ಅಮ್ಮನನ್ನು ನಾನು ಗುರುತಿಸದೆ ಇನ್ಯಾರು ಗುರುತಿಸುತ್ತಾರೆ.

ಮಾರ್ಚ್ 8

ಪರೀಕ್ಷೆ ಮೇ ತಿಂಗಳಿಗೆ ಮುಂದೆ ಹೋಯಿತು. ಇರಲಿ. ಚೀಲ ಹೇಗೂ ತಣ್ಣಗಿದೆ, ಎಲ್ಲೂ ಹೋಗುವುದಿಲ್ಲ.

ಅಪ್ಪ ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ. ಭಾನುವಾರ ಅಮ್ಮನ ಮಿಷನ್ನಿಗೆ ಎಣ್ಣೆ ಬಿಡುತ್ತಾನೆ. ಅದನ್ನು ತುಳಿಯುವವರಿಲ್ಲ, ಎಣ್ಣೆ ಯಾಕೆ ಎಂದು ನಾನು ಕೇಳುವುದಿಲ್ಲ. ಚೀಲದ ವಿಷಯ ಅವನಿಗೆ ಹೇಳಿಲ್ಲ. ಕೈಗೆ ಬಂದ ಮೇಲೆ ಒಮ್ಮೆಲೇ ಕೊಡುತ್ತೇನೆ.

ನಾನಂತೂ ಮೂಗನ್ನು ಕತ್ತಿಯ ಹಾಗೆ ಹರಿತ ಮಾಡಿಕೊಳ್ಳುತ್ತಿದ್ದೇನೆ. ಬೇರೆಯವರು ಚಹಾಕ್ಕೆ ಎದ್ದುಹೋದರೂ ನಾನು ಮಾದರಿ ಬಾಟಲಿಗಳ ಮುಂದೆ ಕೂರುತ್ತೇನೆ. ಒಂದು ಬಟ್ಟೆಯಲ್ಲಿ ಏಳು ಬಿಡಿ ವಾಸನೆಗಳನ್ನು ಬೇರೆಮಾಡಿ ಹೇಳಬಲ್ಲೆ ಈಗ. ದಿನ ಬರಲಿ. ಕಣ್ಣು ಕಟ್ಟಿ ಕೂರಿಸಿದರೂ ಅಮ್ಮನನ್ನು ಗುರುತಿಸುತ್ತೇನೆ.

ಏಪ್ರಿಲ್ 16

ದೊಡ್ಡ ಮೂಗು ಕರೆದು, ಓದು ಮುಗಿದ ಮೇಲೆ ಇಲ್ಲೇ ಕೆಲಸಕ್ಕೆ ಸೇರುತ್ತೀಯಾ ಎಂದು ಕೇಳಿದರು. ಇಡೀ ತಂಡದಲ್ಲಿ ನನ್ನಷ್ಟು ಸ್ಥಿರವಾದ ಮೂಗು ಇಲ್ಲವಂತೆ. ಯೋಚಿಸಿ ಹೇಳುತ್ತೇನೆ ಎಂದೆ. ಮೊದಲು ಮೇ ಬರಲಿ.

ಚಿಕ್ಕಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವಳು ಅತ್ತಳು. ನನಗೆ ಅಳು ಬರಲಿಲ್ಲ.

ಮೇ 22, ಶುಕ್ರವಾರ

ಇವತ್ತು ದೊಡ್ಡ ಪರೀಕ್ಷೆ.

ಬೆಳಿಗ್ಗೆ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಗೂಡಿನಲ್ಲಿ ಕೂತೆ, ಕೆಂಪು ದೀಪ ಹತ್ತಿತು. ಕಿಂಡಿಯಿಂದ ಒಂದೊಂದೇ ಜಾಡಿ ಬಂತು. ಪ್ರತಿಯೊಂದರ ಮುಚ್ಚಳ ತೆಗೆಯುವಾಗಲೂ ಇದೇ ಇರಬಹುದು ಎಂದುಕೊಂಡೆ. ಮೂಸಿದೆ, ಬಿಡಿಸಿದೆ, ಬರೆದೆ. ಯಾವುದೂ ಅಮ್ಮನದಲ್ಲ. ಯಾರದೋ ತಲೆ, ಯಾರದೋ ಬೆವರು, ಯಾರದೋ ಜ್ವರದ ಮುಲಾಮು. ಕೊನೆಯ ಜಾಡಿಯೂ ಹೋಯಿತು. ಇವತ್ತಿನ ಸರದಿಯಲ್ಲಿ ಅಮ್ಮನ ಚೀಲ ಬಂದಿಲ್ಲ, ಸೋಮವಾರದ ಸರದಿಯಲ್ಲಿ ಬರಬಹುದು ಎಂದುಕೊಂಡು ಹಾಳೆ ಕೊಟ್ಟು ಎದ್ದೆ. ದೊಡ್ಡ ಮೂಗು ಹಾಳೆಯ ಮೇಲೆ ಕಣ್ಣಾಡಿಸಿ, “ಅಚ್ಚುಕಟ್ಟು” ಎಂದರು. ಕಂಡಕ್ಟರ್ ನನ್ನ ಬೆನ್ನು ತಟ್ಟಿದರು.

ಆಮೇಲೆ ಆ ಸರದಿಯ ಜಾಡಿಗಳನ್ನು ಖಾಲಿ ಮಾಡಿ ಬಟ್ಟೆಗಳನ್ನು ಸುಡುವ ಚೀಲಕ್ಕೆ ತುಂಬಬೇಕು, ಅದು ನನ್ನ ಕೆಲಸ. ಹೊರಗಿನ ಮೇಜಿನ ಮೇಲೆ, ಬಿಳಿ ಬೆಳಕಿನಲ್ಲಿ. ಐದಾರು ಜಾಡಿ ಖಾಲಿ ಮಾಡಿದ್ದೆ. ಮುಂದಿನದರಿಂದ ಬಟ್ಟೆ ಎಳೆದೆ. ಅಂಚಿನಲ್ಲಿ ಹೊಲಿಗೆ ಕಂಡಿತು. ಹಸಿರು ದಾರ. ಒಂದೇ ಸಮನಾದ, ಒತ್ತೊತ್ತಾದ, ನೆಟ್ಟಗಿನ ಹೊಲಿಗೆ.

ಕೆಂಪು ದೀಪದಲ್ಲಿ ಹಸಿರು ಕಾಣುವುದಿಲ್ಲ.

ಜಾಡಿಯ ಸಂಖ್ಯೆ ನೋಡಿ ನನ್ನ ಹಾಳೆ ಹುಡುಕಿದೆ. ನನ್ನದೇ ಕೈಬರಹ. ‘ಕೂದಲ ಎಣ್ಣೆ, ಹಳತು, 4. ಬೆವರು 3. ಲೋಹ 1. ಅಮೋನಿಯಾ 2.’ ಕೊನೆಯ ಅಂಕಣದಲ್ಲಿ ಬೇರೇನಾದರೂ ಇದ್ದರೆ ಬರೆಯಬೇಕು. ‘ವಿಶೇಷವೇನೂ ಇಲ್ಲ’ ಎಂದು ಬರೆದಿದ್ದೆ.

ಅಮ್ಮ ನನ್ನ ಮುಂದೆ ಬಂದಿದ್ದಳು. ನಾನು ಅಂಕ ಕೊಟ್ಟು ಕಳಿಸಿದೆ. ವಿಶೇಷವೇನೂ ಇಲ್ಲ ಎಂದೆ.

ಮೇಜಿನ ಅಂಚು ಹಿಡಿದುಕೊಂಡು ಕೂತುಬಿಟ್ಟೆ. ದೊಡ್ಡ ಮೂಗು ಯಾವಾಗ ಬಂದು ನಿಂತರೋ ಗೊತ್ತಾಗಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದರು, ಹಾಳೆ ನೋಡಿದರು, ಮತ್ತೆ ಬಟ್ಟೆ ನೋಡಿದರು.

“ನಾನು ಗುರುತಿಸ್ಲಿಲ್ಲ ಮೇಡಂ,” ಎಂದೆ.

ಅವರು ಕಪಾಟಿನಿಂದ ಹೊಸ ಚೀಲವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಬೇಗ ಹಾಕು, ಆಗ್ಲೇ ತುಂಬ ಹೊತ್ತು ಗಾಳಿಯಲ್ಲಿದೆ. ಗಾಳಿ ಪೂರ್ತಿ ತೆಗೆದು ಮುಚ್ಚು.” ಬಾಗಿಲವರೆಗೆ ಹೋಗಿ, ತಿರುಗದೆ ಹೇಳಿದರು, “ಸುಡೋ ಚೀಲ ನಾನೇ ತಗೊಂಡ್ ಹೋಗ್ತೀನಿ. ನೀನು ಮನೆಗೆ ಹೋಗು.”

ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಮನೆಗೆ ಬಂದು ಬಾಗಿಲು ಹಾಕಿ ತೆರೆದೆ. ಈಗಲಾದರೂ, ಇದು ಅಮ್ಮ ಎಂದು ತಿಳಿದ ಮೇಲಾದರೂ ಬರುತ್ತಾಳೆ ಎಂದುಕೊಂಡಿದ್ದೆ. ಕೂದಲ ಎಣ್ಣೆ ನಾಲ್ಕಲ್ಲ, ಮೂರಕ್ಕೆ ಇಳಿದಿತ್ತು. ಬೆವರು ಎರಡು. ಲೋಹ ಎಂದರೆ ಸೂಜಿ, ಅದನ್ನು ಬಾಯಲ್ಲಿ ಕಚ್ಚಿಕೊಂಡೇ ಕೆಲಸ ಮಾಡುತ್ತಿದ್ದಳು. ಎಲ್ಲ ಬಂದವು, ಒಂದೊಂದಾಗಿ. ಸೇರಿಸಲು ನೋಡಿದೆ. ಮೂಗು ಕೇಳಲಿಲ್ಲ, ಬಿಚ್ಚುತ್ತಲೇ ಹೋಯಿತು.

ಚೀಲದ ಬಾಯಿ ಮುಚ್ಚಿ ಬಚ್ಚಿಟ್ಟೆ.

ಮೇ 24, ಭಾನುವಾರ

ಅಪ್ಪ ಮಿಷನ್ನಿಗೆ ಎಣ್ಣೆ ಬಿಟ್ಟು ಮುಗಿಸುವವರೆಗೆ ಕಾದೆ. ಆಮೇಲೆ ಚೀಲ ತಂದು ಅವನ ಮುಂದಿಟ್ಟೆ. ಏನಿದು ಎಂದ. ಅಮ್ಮನ ದಿಂಬಿನ ಕವರ್, ಒಗೆಯದ್ದು ಎಂದೆ.

ಅಪ್ಪ ಅದನ್ನು ಮುಟ್ಟಲಿಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡ. ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಉಳಿದಿತ್ತು, ಅದನ್ನು ಕಡ್ಡಿಯಲ್ಲಿ ತೆಗೆದು ಮತ್ತೆ ತೊಳೆದ. ಹೊಸ ಮನೆಗೆ ಹೋಗುವವನ ಹಾಗೆ ಅಂಗಿಯನ್ನೂ ಬದಲಿಸಿ ಬಂದು ಕೂತ.

“ನಂಗೆ ಬರಲ್ಲ ಕಣಮ್ಮ. ಗೊತ್ತಲ್ಲ ನಿಂಗೆ, ನನ್ನ ಮೂಗು.”

“ಸುಮ್ನೆ ನೋಡಪ್ಪ.”

ಚೀಲದ ಬಾಯಿ ಬಿಚ್ಚಿ ಕೊಟ್ಟೆ. ಅಪ್ಪ ಬಟ್ಟೆಯನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡ. ಭುಜ ಅಲುಗತೊಡಗಿತು. ಡಿಸೆಂಬರಿನಿಂದ ಈಚೆಗೆ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

“ಇವಳೇ,” ಎಂದ ಬಟ್ಟೆಯೊಳಗಿಂದಲೇ. “ಇವಳೇ ಕಣೇ ಇದು.”

“ಹೇಗಿದೆ ಅಪ್ಪ?”

“ಹೇಗಿದೆ ಅಂದ್ರೆ? ನಮ್ಮನೆ ಥರ ಇದೆ.”

ಇದು ಉತ್ತರ ಅಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಪ್ಪ ಮುಖ ಒರೆಸಿಕೊಂಡು ಬಟ್ಟೆಯನ್ನು ನನ್ನ ಕಡೆ ಚಾಚಿದ. ಅವನ ಕಣ್ಣುಗಳಲ್ಲಿ ಎಷ್ಟೋ ತಿಂಗಳಿನಿಂದ ಇಲ್ಲದ ಬೆಳಕಿತ್ತು. “ನೀನೂ ನೋಡು ಬಾ.”

ಮುಖವಿಟ್ಟೆ. ಎರಡು, ಎರಡು, ಒಂದು, ಒಂದು. ಅಪ್ಪನ ಕಣ್ಣೀರಿನ ಉಪ್ಪು, ಒಂದು.

“ಬಂದ್ಳಾ?”

“ಬಂದ್ಳಪ್ಪ,” ಎಂದೆ.

ಅಪ್ಪ ನನ್ನ ತಲೆ ಸವರಿದ. ಬಟ್ಟೆಯನ್ನು ಹಸಿರು ಅಂಚು ಮೇಲೆ ಬರುವ ಹಾಗೆ ಮಡಿಸಿದ. ಚೀಲದಲ್ಲಿಟ್ಟು ಮುಚ್ಚಲು ನೋಡಿದ, ಗಾಳಿ ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅದು ನನಗೆ ಚೆನ್ನಾಗಿ ಬರುತ್ತದೆ. ಒತ್ತಿ, ಸ್ವಲ್ಪವೂ ಗಾಳಿ ಉಳಿಯದ ಹಾಗೆ ಮುಚ್ಚಿಕೊಟ್ಟೆ.